ಪೆಡಲ್‌ಗೆ ಯಾವ ಪಾಟ್? ಕಂಪನಿಯ ಹೆಸರಿಗಿಂತ ಮೊದಲು ಅಕ್ಷರ ನೋಡಿ

ಗದಗಿನಿಂದ ನೀವು ಕೇಳಿರುವುದು ಎರಡು ಪ್ರಶ್ನೆ. ಟ್ಯೂಬ್ ಸ್ಕ್ರೀಮರ್ ಮಾದರಿಯ ಓವರ್‌ಡ್ರೈವ್ ಪೆಡಲ್, ಅಂದರೆ ಗಿಟಾರಿನ ಸದ್ದನ್ನು ಒಡೆದು ಅಬ್ಬರಗೊಳಿಸುವ, ಕಾಲಿನಿಂದ ಒತ್ತುವ ಡಬ್ಬಿ ಕಟ್ಟಿದ್ದೀರಿ. ಡ್ರೈವ್ ನಾಬನ್ನು ಚೂರು ತಿರುಗಿಸುತ್ತಲೇ ಅಬ್ಬರವೆಲ್ಲ ಬಂದುಬಿಡುತ್ತದೆ, ಆಮೇಲೆ ಎಷ್ಟು ತಿರುಗಿಸಿದರೂ ಹೆಚ್ಚು ವ್ಯತ್ಯಾಸವಿಲ್ಲ, ಏಕೆ? ವಿದೇಶದ ದುಬಾರಿ ಪಾಟ್ (ನಾಬಿನ ಕೆಳಗೆ ಕೂತು, ತಿರುಗಿಸಿದಂತೆ ರೆಸಿಸ್ಟೆನ್ಸ್ ಬದಲಿಸುವ ಬಿಡಿಭಾಗ) ತರಿಸಿ ಹಾಕಿದರೆ ನಾದ ಸುಧಾರಿಸುತ್ತದೆಯೇ? ಎರಡನೆಯದಕ್ಕೆ ಉತ್ತರ ಚಿಕ್ಕದು: ಇಲ್ಲ. ಆ ಹಣದಲ್ಲಿ ಒಳ್ಳೆಯ ಫುಟ್‌ಸ್ವಿಚ್ ಕೊಳ್ಳಿ, ಕಾಲಿನ ತುಳಿತ ತಿನ್ನುವುದು ಅದೇ. ಮೊದಲನೆಯದಕ್ಕೆ ಉತ್ತರ ನಿಮ್ಮ ಮಾತಿನಲ್ಲೇ ಇದೆ. ನಕ್ಷೆಯಲ್ಲಿ ಎ500ಕೆ ಎಂದಿತ್ತು, ಅಂಗಡಿಯಲ್ಲಿ ಬಿ500ಕೆ ಕೊಟ್ಟರು ಎಂದು ಬರೆದಿದ್ದೀರಿ. 500ಕೆ ಎಂದರೆ 500 ಕಿಲೋಓಮ್ ರೆಸಿಸ್ಟೆನ್ಸ್; ವ್ಯತ್ಯಾಸ ಇರುವುದು ಮುಂದಿನ ಅಕ್ಷರದಲ್ಲಿ.

ಈಗ ಸಿಗುವ ಬಹುತೇಕ ಪಾಟ್‌ಗಳಲ್ಲಿ ಎ ಎಂದರೆ ಲಾಗ್, ಅಂದರೆ ಆಡಿಯೊ ಟೇಪರ್. ಟೇಪರ್ ಎಂದರೆ ತಿರುಗಿಸಿದಂತೆ ರೆಸಿಸ್ಟೆನ್ಸ್ ಏರುವ ರೀತಿ. ಬಿ ಎಂದರೆ ಲೀನಿಯರ್. ಸಿ ಎಂದರೆ ತಿರುಗುಮುರುಗಾದ ಲಾಗ್. ಲೀನಿಯರ್ ಪಾಟ್ ಅರ್ಧ ತಿರುಗಿದಾಗ ಅರ್ಧ ರೆಸಿಸ್ಟೆನ್ಸ್ ಕೊಡುತ್ತದೆ. ಲಾಗ್ ಪಾಟ್ ಅದೇ ಅರ್ಧದಲ್ಲಿ ಶೇಕಡಾ 10ರಿಂದ 20ರಷ್ಟನ್ನು ಮಾತ್ರ ಕೊಟ್ಟು, ಉಳಿದದ್ದನ್ನು ಕೊನೆಯ ಅರ್ಧಕ್ಕೆ ಇಟ್ಟುಕೊಳ್ಳುತ್ತದೆ. ನಮ್ಮ ಕಿವಿ ಸದ್ದಿನ ಏರಿಕೆಯನ್ನು ಅಳೆಯುವುದು ಹೀಗೆಯೇ, ಆದ್ದರಿಂದಲೇ ಈ ಏರ್ಪಾಡು.

ನಿಮ್ಮ ಪೆಡಲಿನಲ್ಲಿ ಲೆಕ್ಕ ಹಾಕಿಯೇ ನೋಡೋಣ. ಸಿಗ್ನಲ್ ಹಿಗ್ಗಿಸುವ ಚಿಪ್ ಆದ ಆಪ್‌ಆಂಪ್‌ನ ಫೀಡ್‌ಬ್ಯಾಕ್ ದಾರಿಯಲ್ಲಿ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿ) 51ಕೆ ರೆಸಿಸ್ಟರ್ ಇದೆ, ಅದರ ಜೊತೆ ಸರಣಿಯಲ್ಲಿ ಡ್ರೈವ್ ಪಾಟ್; ಕೆಳಗೆ 4.7ಕೆ. ಗೇನ್ ಎಂದರೆ ಸಿಗ್ನಲ್ ಎಷ್ಟು ಪಟ್ಟು ಹಿಗ್ಗುತ್ತದೆ ಎಂಬುದು; ಮೇಲಿನ ಮೊತ್ತವನ್ನು 4.7ರಿಂದ ಭಾಗಿಸಿ ಒಂದು ಕೂಡಿಸಿದರೆ ಅದು ಸಿಗುತ್ತದೆ. ಡಯೋಡ್‌ಗಳು ತುದಿ ಕತ್ತರಿಸುವ ಮಾತನ್ನು ಸದ್ಯಕ್ಕೆ ಬದಿಗಿಡಿ. ಪಾಟ್ ಸೊನ್ನೆಯಲ್ಲಿದ್ದಾಗ ಗೇನ್ ಸುಮಾರು 12, ಅಂದರೆ 21.5 ಡೆಸಿಬಲ್. ಪೂರ್ತಿ ತಿರುಗಿಸಿದರೆ 118, ಅಂದರೆ 41.4 ಡೆಸಿಬಲ್. ಲೀನಿಯರ್ ಪಾಟ್ ಅರ್ಧಕ್ಕೆ ಬಂದಾಗ ಗೇನ್ 65, ಆಗಲೇ 36 ಡೆಸಿಬಲ್ ದಾಟಿರುತ್ತದೆ. ಇಪ್ಪತ್ತು ಡೆಸಿಬಲ್‌ಗಳ ಓಟದಲ್ಲಿ ಹದಿನೈದು ಮೊದಲ ಅರ್ಧದಲ್ಲೇ ಮುಗಿದುಹೋಯಿತು! ಲಾಗ್ ಪಾಟ್ ಆದರೆ ಅರ್ಧದಲ್ಲಿ 75ಕೆ ಆಸುಪಾಸು ಇರುತ್ತದೆ, ಗೇನ್ 28ರ ಹತ್ತಿರ, 29 ಡೆಸಿಬಲ್. ನಾಬ್ ಸಮವಾಗಿ ಕೆಲಸ ಮಾಡಿದಂತೆ ಕೇಳಿಸುತ್ತದೆ. ನಿಮ್ಮ ಸರ್ಕ್ಯೂಟಿನಲ್ಲಿ ದೋಷವೇನೂ ಇಲ್ಲ.

ಹುಬ್ಬಳ್ಳಿಯಲ್ಲಿ ಆರ್ಕೆಸ್ಟ್ರಾದವರ ಆಂಪ್ಲಿಫೈಯರ್‌ಗಳನ್ನು ರಿಪೇರಿ ಮಾಡುವವನು ನಾನು, ಪೆಡಲ್ ಕಟ್ಟುವುದು ಹವ್ಯಾಸ. ಇಲ್ಲಿನ ಬಿಡಿಭಾಗದ ಅಂಗಡಿಗಳಲ್ಲಿ ‘ಪೊಟೆನ್ಷಿಯೊಮೀಟರ್’ ಎಂದರೆ ಒಮ್ಮೊಮ್ಮೆ ಮುಖ ನೋಡುತ್ತಾರೆ. ‘ವಾಲ್ಯೂಮ್ ಕಂಟ್ರೋಲ್’ ಎಂದು ಕೇಳಿ, ಡಬ್ಬಿಯೇ ಹೊರಬರುತ್ತದೆ. ಲಾಗೋ ಲೀನಿಯರೋ ಎಂಬ ಪ್ರಶ್ನೆಗೆ ಮಾತ್ರ ಉತ್ತರವನ್ನು ನೆಚ್ಚಬೇಡಿ. ಹಳೆಯ ಯುರೋಪಿನ ಸರಕಿನಲ್ಲಿ ಎ ಮತ್ತು ಬಿ ಅದಲುಬದಲಾಗಿರುವುದೂ ಉಂಟು. ಮಲ್ಟಿಮೀಟರ್ ಒಯ್ಯಿರಿ. ದಂಡ ನಿಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ ಎಡಗಡೆಯದು ಒಂದನೆಯ ಕಾಲು, ನಡುವಿನದು ವೈಪರ್, ಅಂದರೆ ದಂಡದ ಜೊತೆ ಸರಿಯುವ ಸಂಪರ್ಕ. ದಂಡವನ್ನು ನಟ್ಟನಡುವೆ ನಿಲ್ಲಿಸಿ ಈ ಎರಡರ ನಡುವೆ ಅಳೆಯಿರಿ. 100ಕೆ ಪಾಟಿನಲ್ಲಿ 50ಕೆ ತೋರಿದರೆ ಲೀನಿಯರ್, 15ಕೆ ತೋರಿದರೆ ಲಾಗ್, 85ಕೆ ತೋರಿದರೆ ಸಿ. ಮೈಮೇಲೆ 504 ಎಂದಷ್ಟೇ ಇದ್ದರೆ ಅದು 500ಕೆ, 105 ಎಂದರೆ ಒಂದು ಮೆಗ್.

ನಕ್ಷೆಯಲ್ಲಿರುವಷ್ಟೇ ನಿಖರವಾದ ರೆಸಿಸ್ಟೆನ್ಸಿನ ಪಾಟ್ ಸಿಗದಿದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಡೆ 47ಕೆ, 220ಕೆ, 470ಕೆ ಎಂಬ ಸಾಲಿನ ಪಾಟ್‌ಗಳೇ ಹೆಚ್ಚು. ಶೇಕಡಾ 20ರ ಹೆಚ್ಚುಕಡಿಮೆ ಪಾಟ್‌ಗಳಲ್ಲಿ ಹೇಗೂ ಇರುತ್ತದೆ, ಆದ್ದರಿಂದ 500ಕೆ ಜಾಗಕ್ಕೆ 470ಕೆ ಧಾರಾಳವಾಗಿ ಹಾಕಬಹುದು. ಸ್ಕ್ರೀಮರಿನ ಟೋನ್‌ಗೆ ಮೂಲದಲ್ಲಿ ವಿಚಿತ್ರ ಟೇಪರಿನ 20ಕೆ ಇದೆ; ಅದನ್ನು ಹುಡುಕುತ್ತಾ ಅಲೆಯುವ ಬದಲು 22ಕೆ ಲೀನಿಯರ್ ಹಾಕಿ ಮುಂದೆ ಹೋಗಿ. ಆದರೆ 500ಕೆ ಜಾಗಕ್ಕೆ 100ಕೆ ಹಾಕುವಾಗ ಯೋಚಿಸಬೇಕು. ಫಝ್ ಫೇಸ್ ಪೆಡಲಿನ ವಾಲ್ಯೂಮ್ ಪಾಟ್ 500ಕೆ, ಅದರ ಮುಂದೆ 0.01 ಮೈಕ್ರೊಫ್ಯಾರಡ್ ಕೆಪಾಸಿಟರ್. ಇವೆರಡೂ ಸೇರಿ ಸುಮಾರು 32 ಹರ್ಟ್ಸ್‌ಗಿಂತ ಕೆಳಗಿನದನ್ನು ಸೋಸುತ್ತವೆ. ಪಾಟನ್ನು 100ಕೆ ಮಾಡಿದರೆ ಆ ಗೆರೆ 159 ಹರ್ಟ್ಸ್‌ಗೆ ಏರುತ್ತದೆ. ಗಿಟಾರಿನ ದಪ್ಪ ತಂತಿಯ ಸ್ವರ 82 ಹರ್ಟ್ಸ್, ಅದು ಬಡವಾಗುತ್ತದೆ. ಪಾಟ್‌ನಿಂದ ನಾದ ಬದಲಾಗುವುದು ಇಂಥ ಕಡೆ, ಕಂಪನಿಯ ಹೆಸರಿನಿಂದಲ್ಲ.

ವಾಲ್ಯೂಮ್ ಜಾಗಕ್ಕೆ ಲಾಗ್ ಪಾಟ್ ಸಿಗದಿದ್ದರೆ ಒಂದು ಹಳೆಯ ಉಪಾಯವಿದೆ. 100ಕೆ ಲೀನಿಯರ್ ಪಾಟಿನ ವೈಪರ್‌ಗೂ ಗ್ರೌಂಡ್‌ಗೆ ಸೇರುವ ಕಾಲಿಗೂ ನಡುವೆ 15ಕೆ ರೆಸಿಸ್ಟರ್ ಬೆಸೆಯಿರಿ. ಅರ್ಧದಲ್ಲಿ ಶೇಕಡಾ 19ರಷ್ಟು ಸಿಗ್ನಲ್ ಬರುತ್ತದೆ, ಲಾಗ್ ಎಂದೇ ಕಿವಿ ಒಪ್ಪುತ್ತದೆ. ಪೂರ್ತಿ ತಿರುಗಿಸಿದಾಗ ಹಿಂದಿನ ಹಂತಕ್ಕೆ 13ಕೆ ಹೊರೆ ಬೀಳುತ್ತದೆ. ಆಪ್‌ಆಂಪ್ ಅದನ್ನು ಲೆಕ್ಕಿಸುವುದಿಲ್ಲ, ಫಝ್ ಫೇಸ್ ಸಹಿಸುವುದಿಲ್ಲ. ನಿಮ್ಮ ಡ್ರೈವ್‌ಗೆ ಈ ಉಪಾಯ ನಡೆಯದು. ಅಲ್ಲಿ ಪಾಟ್ ಸಿಗ್ನಲನ್ನು ಹಂಚುತ್ತಿಲ್ಲ, ಬರೀ ರೆಸಿಸ್ಟರ್ ಆಗಿ ನಿಂತಿದೆ. ಎ500ಕೆ ಅಥವಾ ಲಾಗ್ 470ಕೆ ತರಲೇಬೇಕು. ಹಾಗೆ ರೆಸಿಸ್ಟರ್ ಆಗಿ ಬಳಸುವಾಗ ಖಾಲಿ ಉಳಿಯುವ ಕಾಲನ್ನು ವೈಪರ್‌ಗೆ ಜೋಡಿಸಿಬಿಡಿ. ಎಂದಾದರೂ ವೈಪರ್ ಸಂಪರ್ಕ ತಪ್ಪಿದರೂ ದಾರಿ ಪೂರ್ತಿ ಕಡಿಯುವುದಿಲ್ಲ. ಮುಂದೆ ಫೇಸರ್ (ಸದ್ದನ್ನು ಅಲೆಅಲೆಯಾಗಿ ಸುಳಿಸುವ ಪೆಡಲ್) ಕಟ್ಟುವ ಆಸೆ ಹುಟ್ಟಿದರೆ ವೇಗದ ನಾಬ್‌ಗೆ ಸಿ ಬೇಕಾಗುತ್ತದೆ, ಅದನ್ನು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ಆನ್‌ಲೈನ್‌ನಲ್ಲೋ ತರಿಸಿ.

ತಿರುಗಿಸುವಾಗ ಕರಕರ ಸದ್ದು ಬಂದರೆ ಎಲ್ಲರೂ ಪಾಟನ್ನೇ ಬೈಯುತ್ತಾರೆ. ಗದಗಿನ ಬೇಸಿಗೆಯ ಗಾಳಿಗೆ ಹಿಂಬದಿ ತೆರೆದ ಪಾಟ್‌ನೊಳಗೆ ಧೂಳು ಸೇರುವುದು ನಿಜ, ಆದ್ದರಿಂದ ಮುಚ್ಚಿದ 16 ಮಿಲಿಮೀಟರಿನದನ್ನೇ ಆರಿಸಿ. ಪುಟ್ಟ ಅಲ್ಯೂಮಿನಿಯಂ ಡಬ್ಬಿಯಲ್ಲಿ 24 ಮಿಲಿಮೀಟರಿನದು ಕೂರುವುದೂ ಕಷ್ಟ. ಹೊಸ ಪಾಟ್ ಹಾಕಿದ ಮೇಲೂ ಕರಕರ ನಿಲ್ಲದಿದ್ದರೆ ಅದರ ಎರಡು ತುದಿಗಳ ನಡುವೆ ಡಿಸಿ ವೋಲ್ಟೇಜ್ ಅಳೆಯಿರಿ. ವೋಲ್ಟೇಜ್ ಇದ್ದರೆ ಹಿಂದಿನ ಕೆಪಾಸಿಟರ್ ಸೋರುತ್ತಿದೆ, ಕ್ಲೀನರ್ ಸಿಂಪಡಿಸಿ ಫಲವಿಲ್ಲ. ಫಝ್ ಫೇಸಿನ 1ಕೆ ಪಾಟ್ ಇದಕ್ಕೆ ಹೊರತು. ಅದರೊಳಗೆ ಡಿಸಿ ಹರಿಯುವಂತೆಯೇ ಸರ್ಕ್ಯೂಟ್ ಮಾಡಿದ್ದಾರೆ, ಕೊಂಚ ಸದ್ದು ಸಹಜ.

ಹುಬ್ಬಳ್ಳಿಗೆ ಬರುವಾಗ ನಿಮ್ಮ ನಾಬ್‌ಗಳನ್ನು ಜೇಬಿನಲ್ಲಿ ಹಾಕಿಕೊಂಡು ಬನ್ನಿ. ದಂಡದಲ್ಲಿ ಹಲ್ಲಿನದು, ಡಿ ಆಕಾರದದು, ನುಣುಪಾದ ದುಂಡನೆಯದು ಎಂದು ಮೂರು ಬಗೆ. ಸ್ಕ್ರೂ ಇರುವ ನಾಬ್‌ಗೆ ದುಂಡನೆಯದು ಚೆನ್ನಾಗಿ ಹೊಂದುತ್ತದೆ.