ಒಂದು ಲೀಟರ್ ಎಣ್ಣೆ ಒಂದು ಕೆಜಿ ಯಾಕಿಲ್ಲ?

ಪ್ರಶ್ನೆ: ಸರ್, 1 ಲೀಟರ್ ಸೂರ್ಯಕಾಂತಿ ಎಣ್ಣೆಯ ಪ್ಯಾಕೆಟ್ ತಂದು ಮನೆಯ ತೂಕದ ಯಂತ್ರದ ಮೇಲಿಟ್ಟೆ. ಸುಮಾರು 915 ಗ್ರಾಂ ಅಷ್ಟೇ ಬಂತು. ಉಳಿದ ಎಣ್ಣೆ ಎಲ್ಲಿ ಹೋಯಿತು? ಇದು ಮೋಸ ಅಲ್ವಾ? (ಓದುಗರು, ರಾಣೆಬೆನ್ನೂರು)

ಮೋಸ ಅಲ್ಲ. ಲೀಟರ್ ಅಂದರೆ ಎಣ್ಣೆ ಎಷ್ಟು ಜಾಗ ಹಿಡಿದಿದೆ ಅನ್ನೋ ಲೆಕ್ಕ. ಕೆಜಿ ಅಂದರೆ ಅದರಲ್ಲಿ ಎಷ್ಟು ವಸ್ತು ಇದೆ ಅನ್ನೋ ಲೆಕ್ಕ, ಅಂದರೆ ದ್ರವ್ಯರಾಶಿ. ನೀರಿಗಾದರೆ 1 ಲೀಟರ್ ಹೆಚ್ಚುಕಮ್ಮಿ 1 ಕೆಜಿಯೇ ಇರುತ್ತದೆ, ಅದೇ ಲೆಕ್ಕ ಎಲ್ಲದಕ್ಕೂ ನಡೆಯುತ್ತದೆ ಅಂದುಕೊಳ್ಳುತ್ತೇವೆ. 1 ಲೀಟರ್ ಜೇನುತುಪ್ಪ ಸುಮಾರು 1.4 ಕೆಜಿ ತೂಗುತ್ತದೆ, ಅಡುಗೆ ಎಣ್ಣೆ 910 ಗ್ರಾಂ ಆಸುಪಾಸು. ಒಂದು ಲೀಟರಿನಲ್ಲಿ ಎಷ್ಟು ವಸ್ತು ತುಂಬಿದೆ ಅನ್ನೋದೇ ಸಾಂದ್ರತೆ.

ತಕರಾರು ತೆಗೆಯಬೇಕಾದ ವಿಷಯ ಬೇರೆ ಇತ್ತು. ಎಣ್ಣೆ ಬಿಸಿಯಾದರೆ ಹಿಗ್ಗುತ್ತದೆ. 1 ಲೀಟರ್ ಸೋಯಾ ಎಣ್ಣೆ 21 ಡಿಗ್ರಿಯಲ್ಲಿ 919 ಗ್ರಾಂ ಇದ್ದರೆ, 60 ಡಿಗ್ರಿಯಲ್ಲಿ 892.6 ಗ್ರಾಂ ಮಾತ್ರ. ಕೆಲವು ಕಂಪನಿಗಳು ಲೀಟರ್ ಪಕ್ಕದಲ್ಲೇ '60 ಡಿಗ್ರಿಯಲ್ಲಿ' ಅಂತ ಅಚ್ಚು ಹಾಕುತ್ತಿದ್ದವು, ಹಾಗೆ ಬರೆದರೆ ಸುಮಾರು 26 ಗ್ರಾಂ ಕಡಿಮೆ ತುಂಬಿದರೂ 1 ಲೀಟರ್ ಅಂತಲೇ ಮಾರಬಹುದಲ್ಲ! 2022ರ ಆಗಸ್ಟ್‌ನಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ಇದಕ್ಕೆ ತಡೆ ಹಾಕಿತು: ಉಷ್ಣಾಂಶ ಬರೆಯಬಾರದು, ಲೀಟರ್ ಜೊತೆಗೆ ತೂಕವನ್ನೂ ಬರೆಯಬೇಕು. ಬಹಳ ಒಳ್ಳೆಯ ಕೆಲಸ. ಬಿಸಿಗೂ ಚಳಿಗೂ ಜಾಗ ಬದಲಾಗುತ್ತದೆ, ದ್ರವ್ಯರಾಶಿ ಜಗ್ಗುವುದಿಲ್ಲ. ಡಿಸೆಂಬರ್ ಚಳಿಯಲ್ಲಿ ಗಟ್ಟಿಯಾದ ಕೊಬ್ಬರಿ ಎಣ್ಣೆಯ ಬಾಟಲಿ ನೋಡಿ, ನಡುವೆ ತಗ್ಗು ಬಿದ್ದಿರುತ್ತದೆ. ತೂಕಕ್ಕಿಟ್ಟರೆ ಒಂದು ಗ್ರಾಮೂ ಕಡಿಮೆಯಾಗಿರುವುದಿಲ್ಲ.

ಹಾಗಾಗಿ ಎರಡು ಬ್ರಾಂಡುಗಳ ಬೆಲೆ ಹೋಲಿಸುವಾಗ ಗ್ರಾಂ ನೋಡಿ. ಪ್ಯಾಕೆಟ್ ಮೇಲೆ ಬರೆದಿದ್ದಕ್ಕಿಂತ ಕಡಿಮೆ ತೂಗಿದರೆ ಕಾನೂನು ಮಾಪನಶಾಸ್ತ್ರ ಇಲಾಖೆಗೆ ದೂರು ಕೊಡಿ. ಖಾಲಿ ಕವರಿನ ತೂಕ ಕಳೆಯೋದು ಮರೀಬೇಡಿ.

ಪ್ರಶ್ನೆ: ಚಂದ್ರನ ಮೇಲೆ ನಮ್ಮ ತೂಕ ಆರನೇ ಒಂದು ಭಾಗ ಅಂತ ಮಗಳ ಪುಸ್ತಕದಲ್ಲಿದೆ. ಭೂಮಿಯ ಮೇಲೂ ಊರಿಂದ ಊರಿಗೆ ತೂಕ ಬದಲಾಗುತ್ತಾ? (ಓದುಗರು, ತಿಪಟೂರು)

ಆಗುತ್ತದೆ, ಆದರೆ ತುಂಬಾ ಸ್ವಲ್ಪ. ತೂಕ ಅಂದರೆ ಭೂಮಿ ಎಷ್ಟು ಬಲದಿಂದ ಎಳೆಯುತ್ತದೆ ಅನ್ನೋದು. ಬೆಂಗಳೂರು ದೆಹಲಿಗಿಂತ ಸಮಭಾಜಕಕ್ಕೆ ಹತ್ತಿರ ಇದೆ, ಎತ್ತರದಲ್ಲೂ ಇದೆ, ಹಾಗಾಗಿ ಇಲ್ಲಿ ಎಳೆತ ಕಡಿಮೆ. ದೆಹಲಿಯಲ್ಲಿ ಹೊಂದಿಸಿದ ಎಲೆಕ್ಟ್ರಾನಿಕ್ ಯಂತ್ರವನ್ನು ಹಾಗೇ ಇಲ್ಲಿಗೆ ತಂದರೆ 1 ಕೆಜಿಗೆ ಸುಮಾರು 1 ಗ್ರಾಂ ಕಡಿಮೆ ತೋರಿಸುತ್ತದೆ. 10 ಗ್ರಾಂ ಚಿನ್ನಕ್ಕೆ 10 ಮಿಲಿಗ್ರಾಂ ಆಯಿತು! ಅದಕ್ಕೇ ಸೂಕ್ಷ್ಮ ಯಂತ್ರಗಳನ್ನು ಬಳಸುವ ಜಾಗದಲ್ಲೇ ಪ್ರಮಾಣಿತ ತೂಕದ ಕಲ್ಲು ಇಟ್ಟು ಸರಿಹೊಂದಿಸಬೇಕು. ಹಳೆಯ ಎರಡು ತಟ್ಟೆಯ ತಕ್ಕಡಿಗೆ ಈ ತಾಪತ್ರಯವೇ ಇಲ್ಲ. ಸಾಮಾನಿನ ಜೊತೆ ಕಲ್ಲೂ ಅಷ್ಟೇ ಹಗುರವಾಗುತ್ತದೆ, ಚಂದ್ರನ ಮೇಲೆ ತೂಗಿದರೂ ಲೆಕ್ಕ ಸರಿ ಬರುತ್ತದೆ.

ಪ್ರಶ್ನೆ: ಗಾಳಿಗೂ ದ್ರವ್ಯರಾಶಿ ಇದೆಯಾ? (ಓದುಗರು, ಉಡುಪಿ)

ಇದೆ, ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿನೇ ಇದೆ. ಉದ್ದ, ಅಗಲ, ಎತ್ತರ ಮೂರೂ 10 ಅಡಿ ಇರೋ ನಿಮ್ಮೂರಿನ ಕೋಣೆಯಲ್ಲಿ ಸುಮಾರು 33 ಕೆಜಿ ಗಾಳಿ ಇರುತ್ತದೆ. ಅದೇ ಕೋಣೆ ಬೆಂಗಳೂರಿನಲ್ಲಿದ್ದರೆ ಸುಮಾರು 30 ಕೆಜಿ, ಎತ್ತರ ಹೋದಂತೆ ಗಾಳಿ ತೆಳುವಾಗುತ್ತದೆ.