ಅನೊರೆಕ್ಸಿಯಾದಿಂದ ಮುಟ್ಟು ನಿಂತ ಮಗಳಿಗೆ ಹಾರ್ಮೋನು ಮಾತ್ರೆ ಕೊಡಿಸಬಹುದೇ?

ನಿಮ್ಮ 17 ವರ್ಷದ ಮಗಳಿಗೆ ಅನೊರೆಕ್ಸಿಯಾ (ದಪ್ಪಗಾಗುವ ಭಯದಿಂದ ಊಟ ಬಿಟ್ಟು ಸೊರಗುವ ಮಾನಸಿಕ ಕಾಯಿಲೆ) ಇದ್ದು, ಐದು ತಿಂಗಳಿಂದ ಮುಟ್ಟು ನಿಂತಿರುವುದರಿಂದ ಹಾರ್ಮೋನು ಮಾತ್ರೆ ಕೊಡಿಸಬಹುದೇ ಎಂದು ಕೇಳಿದ್ದೀರಿ. ನಾನು ವೈದ್ಯಳಲ್ಲ, ಇದೇ ಕಾಯಿಲೆಯ ಮಗಳನ್ನು ನೋಡಿಕೊಂಡ ಡೊಂಬಿವಲಿಯ ತಾಯಿ. ಅವಳು ಮಾಟುಂಗಾದ ಕಾಲೇಜಿಗೆ ಒಯ್ಯುತ್ತಿದ್ದ ಡಬ್ಬಿಯನ್ನು ದಿನವೂ ಯಾರಿಗೋ ಕೊಟ್ಟುಬಿಡುತ್ತಿದ್ದಳೆಂದು ನಮಗೆ ಗೊತ್ತಾಗಲು ಆರು ತಿಂಗಳು ಹಿಡಿಯಿತು.

ನಾವೂ ಮೊದಲು ಮಾತ್ರೆಯನ್ನೇ ನಂಬಿದೆವು. ಹಬ್ಬ, ಪೂಜೆಗಳಿಗೆಂದು ಮುಟ್ಟನ್ನು ಮುಂದೂಡುವ ಮಾತ್ರೆ ನುಂಗಿ ರೂಢಿಯಾಗಿದ್ದ ನನಗೆ, ನಿಂತದ್ದನ್ನು ತರಿಸುವ ಮಾತ್ರೆಯಲ್ಲಿ ತಪ್ಪೇನೂ ಕಾಣಲಿಲ್ಲ. ಒಬ್ಬ ವೈದ್ಯರು ಬರೆದುಕೊಟ್ಟ ಗರ್ಭನಿರೋಧಕ ಮಾತ್ರೆಯಿಂದ ಪ್ರತಿ ತಿಂಗಳೂ ಸ್ರಾವವಾಗತೊಡಗಿತು. ಮಗಳು ಗುಣವಾಗುತ್ತಿದ್ದಾಳೆಂದು ನಾವು ನಿಶ್ಚಿಂತರಾದ ಆ ದಿನಗಳಲ್ಲೇ ಅವಳ ತೂಕ ಇನ್ನೂ ಮೂರು ಕಿಲೋ ಇಳಿದಿತ್ತು. ಆ ಸ್ರಾವ ಮಾತ್ರೆ ತರಿಸಿದ್ದೆಂದೂ, ಅದರಿಂದ ದೇಹದ ನಿಜಸ್ಥಿತಿ ಮರೆಯಾಗುತ್ತದೆಂದೂ ಯಾರೂ ಹೇಳಿರಲಿಲ್ಲ. ಇಂದಿಗೂ ನನ್ನನ್ನು ನೋಯಿಸುವುದು ಅದೇ.

ಕೊಬ್ಬಿನ ಕೋಶಗಳು ಸ್ರವಿಸುವ, 1994ರಲ್ಲಿ ಪತ್ತೆಯಾದ ಲೆಪ್ಟಿನ್ ಎಂಬ ಹಾರ್ಮೋನು ದೇಹದಲ್ಲಿ ಎಷ್ಟು ದಾಸ್ತಾನಿದೆಯೆಂದು ಮೆದುಳಿನ ಹೈಪೊಥಲಾಮಸ್‌ಗೆ ತಿಳಿಸುತ್ತದೆ. ತೂಕದೊಂದಿಗೆ ಲೆಪ್ಟಿನ್ ಕುಸಿದಾಗ, ಗರ್ಭ ಹೊರುವ ಶಕ್ತಿ ಈ ದೇಹಕ್ಕಿಲ್ಲವೆಂಬಂತೆ ಹೈಪೊಥಲಾಮಸ್ ಅಂಡಾಶಯಕ್ಕೆ ಹೋಗುವ ಸಂಕೇತಗಳನ್ನು ತಗ್ಗಿಸುತ್ತದೆ, ಅಂಡಾಶಯ ಸ್ರವಿಸುವ ಈಸ್ಟ್ರೋಜನ್ ಎಂಬ ಹಾರ್ಮೋನು ಇಳಿಯುತ್ತದೆ, ಮುಟ್ಟು ನಿಲ್ಲುತ್ತದೆ. ಥೈರಾಯ್ಡಿನ ಟಿ3 ಎಂಬ ಹಾರ್ಮೋನು ಕಡಿಮೆಯಾಗುವುದೂ ಹೀಗೆಯೇ, ಶಕ್ತಿ ಉಳಿಸಿಕೊಳ್ಳಲು. ಟಿ3 ಕಡಿಮೆಯಿದೆಯೆಂಬ ರಕ್ತಪರೀಕ್ಷೆಯ ವರದಿಯೊಂದನ್ನೇ ನೋಡಿ ಥೈರಾಯ್ಡ್ ಮಾತ್ರೆ ಕೊಟ್ಟರೆ ತೂಕ ಮತ್ತಷ್ಟು ಇಳಿಯಬಹುದು. ಹಸಿವು ಹುಟ್ಟಿಸುವ ಗ್ರೆಲಿನ್ ಈ ರೋಗಿಗಳಲ್ಲಿ ಸಾಮಾನ್ಯವಾಗಿ ಹೆಚ್ಚೇ ಇರುತ್ತದೆ. ಹಸಿವಾಗುತ್ತಿಲ್ಲವೆಂದು ಅವಳು ಹೇಳಿದರೂ ದೇಹ ಅನ್ನ ಕೇಳುತ್ತಲೇ ಇರುತ್ತದೆ.

ಹಾರ್ಮೋನಿಗೆ ಒಂದು ಪಾತ್ರ ಮಾತ್ರ ಇದೆ, ಅದು ಮೂಳೆಗೆ ಸಂಬಂಧಿಸಿದ್ದು. ಈಸ್ಟ್ರೋಜನ್ ಇಲ್ಲದ ಹರೆಯದಲ್ಲಿ ಮೂಳೆ ಸವೆಯುತ್ತದೆ. ಗರ್ಭನಿರೋಧಕ ಮಾತ್ರೆ ಅದನ್ನು ತಡೆಯುವುದಿಲ್ಲ. ಬಾಯಿಂದ ತೆಗೆದುಕೊಂಡ ಈಸ್ಟ್ರೋಜನ್ ಯಕೃತ್ತಿನಲ್ಲಿ ಮೂಳೆಯನ್ನು ಬೆಳೆಸುವ ಐಜಿಎಫ್-1 ಎಂಬ ಹಾರ್ಮೋನನ್ನೇ ತಗ್ಗಿಸುತ್ತದೆ. 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಚರ್ಮಕ್ಕೆ ಅಂಟಿಸುವ ಈಸ್ಟ್ರೋಜನ್ ಪಟ್ಟಿಯಿಂದ ಹದಿಹರೆಯದ ಹುಡುಗಿಯರ ಮೂಳೆಸಾಂದ್ರತೆ ಹೆಚ್ಚಿತು. ಆದ್ದರಿಂದ ಮೊದಲು ಮೂಳೆಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ, ಪಟ್ಟಿಯ ವಿಷಯವನ್ನು ಹಾರ್ಮೋನು ತಜ್ಞರಾದ ಎಂಡೋಕ್ರೈನಾಲಜಿಸ್ಟರಲ್ಲಿ ಕೇಳಿ.

ಮಿಕ್ಕ ಚಿಕಿತ್ಸೆಯೆಲ್ಲ ಊಟ ಮತ್ತು ಮನೋವೈದ್ಯರ ನೆರವು. ತೀರಾ ಇಳಿದುಹೋಗಿದ್ದರೆ ಒಮ್ಮೆಲೇ ಹೆಚ್ಚು ಉಣಿಸಬೇಡಿ. ರಕ್ತದ ಫಾಸ್ಫೇಟ್ ಕುಸಿದು ಹೃದಯಕ್ಕೆ ಅಪಾಯವಾಗಬಹುದು, ಆಸ್ಪತ್ರೆಯ ನಿಗಾ ಬೇಕು. ನಮ್ಮಲ್ಲಿ ಮಾತ್ರೆ ನಿಲ್ಲಿಸಿ, ಮೂರು ಹೊತ್ತೂ ಪಕ್ಕದಲ್ಲಿ ಕುಳಿತು ಉಣಿಸಿದ ಹನ್ನೊಂದನೆಯ ತಿಂಗಳಲ್ಲಿ ಮಗಳು ತಾನಾಗಿಯೇ ಮುಟ್ಟಾದಳು.