ಹೊಸ್ತಿಲಲ್ಲಿ ನಿಲ್ಲುವ ಕಾಲು: ರೋಣ ತಾಲ್ಲೂಕಿನ ಒಂದು ಆಪ್ತಸಲಹೆ ಪ್ರಕರಣ

ರೋಣ ತಾಲ್ಲೂಕಿನ ರೈತ, 68 ವರ್ಷ. ಕೈಕಾಲು ನಡುಗಿ, ಬಿಗಿಯಾಗಿ, ನಡಿಗೆ ನಿಧಾನವಾಗುವ ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾಗಿ ಐದು ವರ್ಷ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇವೆ. ಸಲಹೆಗೆ ಬಂದವರು ಸೊಸೆ. “ಗದಗಿನ್ಯಾಗ ಈ ಬ್ಯಾನಿ ಇದ್ದವ್ರಿಗೆ ಅಂತ ಯಾವ್ದರ ಕೇಂದ್ರ ಐತೇನ್ರಿ? ಇದ್ರ ಮಾವಾರನ್ನ ಅಲ್ಲೇ ಬಿಟ್ಟ ಬರ್ತೇವ್ರಿ” ಎಂದರು. ರಾತ್ರಿ ಮೂರ್ನಾಲ್ಕು ಸಲ ಎದ್ದು ಮಾವನನ್ನು ಮಗ್ಗುಲು ಹೊರಳಿಸಬೇಕು, ಬೆಳಗಾದರೆ ಹೊಲಕ್ಕೆ ಹೋಗಬೇಕು. ಆಕೆ ನೆಟ್ಟಗೆ ನಿದ್ದೆ ಮಾಡಿ ತಿಂಗಳುಗಳೇ ಆಗಿದ್ದವು.

ವಿಳಾಸ ಹುಡುಕುವ ಮೊದಲು ದಿನಚರಿ ಕೇಳಿದೆವು. ಅರ್ಧ ತೊಡಕು ಅಲ್ಲೇ ಸಿಕ್ಕಿತು. ಈ ಕಾಯಿಲೆಯ ಮುಖ್ಯ ಔಷಧವಾದ ಲೆವೊಡೋಪಾ-ಕಾರ್ಬಿಡೋಪಾ ಗುಳಿಗೆಯನ್ನು ರೊಟ್ಟಿ, ಕಾಳಿನ ಪಲ್ಯ, ಮೊಸರು, ಶೇಂಗಾ ಚಟ್ನಿ ಉಂಡಾದ ಮೇಲೆ ಕೊಡುತ್ತಿದ್ದರು. ಕಾಳು, ಮೊಸರಿನ ಪ್ರೋಟೀನು ಕರುಳಲ್ಲಿ ಈ ಔಷಧದ ದಾರಿಗೇ ಅಡ್ಡ ಬರುತ್ತದೆ; ಗುಳಿಗೆ ನುಂಗಿಯೂ ಕೈಕಾಲು ಸಡಿಲವಾಗುವುದಿಲ್ಲ. ಊಟಕ್ಕೆ ಅರ್ಧದಿಂದ ಮುಕ್ಕಾಲು ತಾಸು ಮೊದಲೇ ನೀರಿನ ಜೊತೆ ಕೊಡಿ, ಹೊಟ್ಟೆ ತೊಳಸಿದರೆ ಜೊತೆಗೆ ಒಂದು ಹಿಡಿ ಚುರುಮರಿ ಸಾಕು ಎಂದೆವು. ಕಾಳು ಪೂರ್ತಿ ಬಿಡಿಸುವುದು ಬೇಡ, ವಯಸ್ಸಾದವರು ಸೊರಗುತ್ತಾರೆ; ಅದರ ಹೆಚ್ಚಿನ ಪಾಲು ರಾತ್ರಿ ಊಟಕ್ಕೆ ಹೋಗಲಿ. ಕಬ್ಬಿಣಾಂಶದ ಗುಳಿಗೆ ಇದ್ದರೆ ಎರಡು ತಾಸಾದರೂ ಅಂತರವಿರಲಿ.

ಔಷಧದ ಚೀಲ ತೆಗೆಸಿದಾಗ ಸಿನ್ನರಿಜಿನ್ ಕಂಡಿತು. ತಲೆ ತಿರುಗುತ್ತದೆ ಎಂದು ಹೇಳಿದ್ದಕ್ಕೆ ಊರ ದವಾಖಾನೆಯಲ್ಲಿ ಬರೆದುಕೊಟ್ಟಿದ್ದರಂತೆ. ಇದು, ಫ್ಲುನರಿಜಿನ್, ವಾಂತಿಗೆ ಕೊಡುವ ಮೆಟೊಕ್ಲೊಪ್ರಮೈಡ್, ಪ್ರೊಕ್ಲೋರ್‌ಪೆರಜಿನ್ ಇವೆಲ್ಲ ಮೈಯ ಚಲನೆಗೆ ಬೇಕಾದ ಮಿದುಳಿನ ರಾಸಾಯನಿಕ ಡೋಪಮಿನ್‌ನ ಕೆಲಸ ತಡೆದು ಬಿಗಿತ, ನಡುಕ ಹೆಚ್ಚಿಸುತ್ತವೆ. ಯಾವ ದವಾಖಾನೆಗೆ ಹೋದರೂ ತೋರಿಸಲೆಂದು ಈ ನಾಲ್ಕು ಹೆಸರನ್ನು ಚೀಟಿಯಲ್ಲಿ ಬರೆದು ಆಧಾರ್ ಕಾರ್ಡಿನ ಜೊತೆಯೇ ಇಡಿಸಿದೆವು. ಮಲಗಿದ್ದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷಕ್ಕೆ ಇನ್ನೊಮ್ಮೆ ಬಿ.ಪಿ. ನೋಡಿಸಲು ಹೇಳಿದೆವು. ಈ ಕಾಯಿಲೆಯಲ್ಲಿ ನಿಂತೊಡನೆ ಬಿ.ಪಿ. ಇಳಿಯುವುದು ಸಾಮಾನ್ಯ, ಎಷ್ಟೋ ಸಲ ತಲೆ ತಿರುಗುವುದು ಅದರಿಂದಲೇ.

ಪಡಸಾಲೆಯಿಂದ ಅಡುಗೆ ಮನೆಗೆ ಹೋಗುವ ಹೊಸ್ತಿಲಲ್ಲಿ ಕಾಲು ಅಂಟಿಕೊಂಡಂತೆ ನಿಲ್ಲುತ್ತಿತ್ತು. ಮನೆಯವರು ಕೈ ಹಿಡಿದು ಎಳೆಯುತ್ತಿದ್ದರು. ಮೈ ಮುಂದೆ, ಕಾಲು ಹಿಂದೆ, ಎರಡು ಸಲ ಬಿದ್ದಿದ್ದರು. ಎಳೆಯಲೇಬಾರದು. ನಿಲ್ಲಲಿ, ಉಸಿರು ಬಿಡಲಿ, ಭಾರವನ್ನು ಎಡಕ್ಕೆ ಬಲಕ್ಕೆ ಒಮ್ಮೆ ತೂಗಿ “ಒಂದ” ಎಂದು ದೊಡ್ಡ ಹೆಜ್ಜೆ ಎತ್ತಲಿ. ಹೊಸ್ತಿಲ ಎರಡೂ ಬದಿಗೆ ಒಂದಡಿಗಿಂತ ತುಸು ಹೆಚ್ಚು ಅಂತರದಲ್ಲಿ ಬಣ್ಣದ ಟೇಪಿನ ಮೂರು ಮೂರು ಅಡ್ಡಗೆರೆ ಅಂಟಿಸಲು ಹೇಳಿದೆವು. ಕಣ್ಣಿಗೆ ದಾಟಲು ಒಂದು ಗೆರೆ ಸಿಕ್ಕರೆ ಕಾಲು ಏಳುತ್ತದೆ.

ಇನ್ನು ಕೇಂದ್ರದ ಮಾತು. ಎಲ್ಲವೂ ಸಿಗುವ ಒಂದೇ ಬಾಗಿಲಿಲ್ಲ, ಜೋಡಿಸಿಕೊಳ್ಳಬೇಕು. ಔಷಧದ ಪ್ರಮಾಣ ತಿದ್ದಿಸಲು ಹುಬ್ಬಳ್ಳಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್). ವ್ಯಾಯಾಮ ಕಲಿಯಲು ಜಿಲ್ಲಾ ಆಸ್ಪತ್ರೆಯ ಫಿಸಿಯೋಥೆರಪಿ. ಕಾಗದಪತ್ರಕ್ಕೆ ಗ್ರಾಮ ಪಂಚಾಯಿತಿಯ ವಿಆರ್‌ಡಬ್ಲ್ಯೂ, ಅಂದರೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು. ಇವರ ಬಗ್ಗೆ ಊರಲ್ಲೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಪಾರ್ಕಿನ್ಸನ್ ಕೂಡ ಇದೆ; ಬಹುತೇಕ ಸೌಲಭ್ಯಕ್ಕೆ ಶೇ. 40 ನ್ಯೂನತೆ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದ ಮೇಲೆ ವೈದ್ಯಕೀಯ ತಪಾಸಣೆ.

ತಪಾಸಣೆಯ ದಿನ ಮಾವ ಚೆನ್ನಾಗಿ ನಡೆದುಬಿಟ್ಟರೆ ಎಂಬ ಅಂಜಿಕೆ ಸೊಸೆಗೆ. “ಅವತ್ತೊಂದ ದಿನ ಗುಳಿಗಿ ತಪ್ಪಿಸಿದ್ರ?” ಎಂದು ಕೇಳಿದರು. ಬೇಡವೇ ಬೇಡ. ಲೆವೊಡೋಪಾ ತಟ್ಟನೆ ನಿಂತರೆ ವಿಪರೀತ ಜ್ವರ, ಮೈ ಬಿಗಿತ ಬಂದು ಜೀವಕ್ಕೇ ಕುತ್ತಾಗಬಹುದು. ಗುಳಿಗೆಯ ಪ್ರಭಾವ ಇಳಿದ ಹೊತ್ತಲ್ಲಿ ಅವರು ಏಳುವುದು, ತಿರುಗುವುದು, ಅಂಗಿ ಗುಂಡಿ ಹಾಕುವುದನ್ನು ಮೊಬೈಲಿನಲ್ಲಿ ಎರಡು ನಿಮಿಷ ವಿಡಿಯೊ ಮಾಡಿ ತೋರಿಸಿ. ನರರೋಗ ತಜ್ಞರಿಗೂ ಅದು ಮಾತಿಗಿಂತ ಹೆಚ್ಚು ತಿಳಿಸುತ್ತದೆ.

ಅಂಗವಿಕಲರ ಪಿಂಚಣಿಗೆ ಅವಸರ ಬೇಡ ಎಂದೆವು. ಮಾವನಿಗೆ ವೃದ್ಧರ ಪಿಂಚಣಿ ಸಂಧ್ಯಾ ಸುರಕ್ಷಾ ತಿಂಗಳಿಗೆ 1,200 ರೂಪಾಯಿ ಬರುತ್ತಿದೆ. ಎರಡು ಪಿಂಚಣಿ ಒಟ್ಟಿಗೆ ಸಿಗುವುದಿಲ್ಲ. ಶೇ. 75ಕ್ಕಿಂತ ಕಡಿಮೆ ನ್ಯೂನತೆಗೆ ಸಿಗುವುದು 800, ಬದಲಿಸಿಕೊಂಡರೆ ನಷ್ಟವೇ.

ಮಾವ ಮಾತು ಬಿಟ್ಟಿದ್ದರು, ಊಟ ಒಲ್ಲೆ ಎನ್ನುತ್ತಿದ್ದರು. ಖಿನ್ನತೆ ಈ ಕಾಯಿಲೆಯದೇ ಒಂದು ಭಾಗವೂ ಆಗಿರುತ್ತದೆ. ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್‌ಗೆ, ಬೇಕಾದರೆ ಮುಂದೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಕಳಿಸುವ ದಾರಿ ತೋರಿಸಿದೆವು. ಸೊಸೆಗೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು, ಕನ್ನಡದಲ್ಲೇ ಮಾತಾಡುತ್ತಾರೆ.

ಆರು ವಾರದ ಮೇಲೆ: ಬೆಳಗಿನ ಹೊತ್ತು ಮಾವ ಒಬ್ಬರೇ ಬಚ್ಚಲಿಗೆ ಹೋಗಿ ಬರುತ್ತಾರೆ. ಮೈದುನ ವಾರದಲ್ಲಿ ಎರಡು ರಾತ್ರಿ ನೋಡಿಕೊಳ್ಳಲು ಒಪ್ಪಿದ್ದಾನೆ. ಟೇಪು ಸಗಣಿ ಸಾರಿಸಿದ ನೆಲದಲ್ಲಿ ನಿಲ್ಲಲಿಲ್ಲ, ಸುಣ್ಣದ ಗೆರೆ ಎಳೆದಿದ್ದಾರೆ. ಕಾರ್ಡ್ ಇನ್ನೂ ಬಂದಿಲ್ಲ.